ಸುರಕ್ಕೆ ಬಂದ ಸೈಲೆನ್ಸರ್

“ಏ ತಮ್ಮಾ, ಬಂದ್ ಮಾಡಪಾ ಅದನ್ನ! ಅಗದಿ ಬೇಸುರ ಐತಿ, ಸುರಕ್ಕ ಬರವಲ್ದು!”

ಕುಂದಗೋಳದ ಗ್ಯಾರೇಜಿನಲ್ಲಿ ನನ್ನ ಹಳೇ ಬೈಕಿಗೆ ಹೊಸ ಸೈಲೆನ್ಸರ್ ಹಾಕಿಸಿ, ಖುಷಿಯಿಂದ ಎಕ್ಸಿಲರೇಟರ್ ತಿರುವುತ್ತಿದ್ದೆ. ಕೂಗಿದವರು ಮಕ್ಕಳಿಗೆ ಹಾರ್ಮೋನಿಯಂ ಕಲಿಸುವ ಹಿರಿಯರೊಬ್ಬರು. ತಮ್ಮ ಮೊಪೆಡ್ಡಿಗೆ ಪಂಕ್ಚರ್ ಹಾಕಿಸಲು ಬಾಜೂಕ ಕುಳಿತಿದ್ದರು. ಊರಿಗೆಲ್ಲ ಕೇಳಲೆಂದು ಇದ್ದುದರಲ್ಲೇ ಜೋರಿನದನ್ನು ಆರಿಸಿದ್ದ ನನ್ನ ಮುಖ ಸಣ್ಣದಾಯಿತು.

ಮೆಕ್ಯಾನಿಕ್ ನಗುತ್ತಲೇ ಅದನ್ನು ಬಿಚ್ಚಿ ಇನ್ನೊಂದು ಕೂರಿಸಿದ. ಹಿರಿಯರು ಕಣ್ಣು ಮುಚ್ಚಿ ಕೇಳಿದರು. ಹುಳಿ ಮಜ್ಜಿಗೆ ಕುಡಿದವರಂತೆ ಮುಖ ಕಿವುಚಿದರು. ಮೂರನೆಯದು ಸದ್ದು ಮಾಡಿದ್ದೇ ತಡ, ಕೈ ಎತ್ತಿ “ಸಾ…” ಎಂದು ಎಳೆದರು. ಅವರ ದನಿಯೂ ಸೈಲೆನ್ಸರಿನ ದನಿಯೂ ಒಂದಾಗಿಬಿಟ್ಟವು! ಎದುರಿನ ಚಹಾದಂಗಡಿಯಿಂದ ಯಾರೋ “ವ್ಹಾ!” ಎಂದರು.

“ಇದನ್ನ ಹಾಕಿಸ್ಕೋ. ಆದ್ರ ನಲವತ್ತು ದಾಟಬ್ಯಾಡ, ಸುರ ಏರತೈತಿ,” ಎಂದು ಹೇಳಿ ಮೊಪೆಡ್ ಹತ್ತಿ ಹೋದರು.

ಅಂದು ಅದನ್ನೇ ಹಾಕಿಸಿಕೊಂಡು ಬಿದ್ದು ಬಿದ್ದು ನಕ್ಕಿದ್ದೆ. ಈಗ ವೇಗ ನಲವತ್ತು ದಾಟಿ ಸುರ ಸ್ವಲ್ಪ ಏರಿದರೂ ನನ್ನ ಹಲ್ಲು ಜುಮ್ಮೆನ್ನುತ್ತದೆ. ಹುಬ್ಬಳ್ಳಿ ರಸ್ತೆಯಲ್ಲಿ ಟ್ರ್ಯಾಕ್ಟರುಗಳೂ ನಮ್ಮನ್ನು ಹಿಂದೆ ಹಾಕುತ್ತವೆ. ಹಿಂದೆ ಕುಳಿತ ಹೆಂಡತಿ ಮಾತ್ರ, “ನಾ ಇಳದು ನಡಕೊಂತ ಮುಂದ ಹೋಗಿರ್ಲೇನ್ರಿ?” ಎಂದು ಕೇಳುತ್ತಾಳೆ.