ಆಯಿಯ ಪಾಸ್ಟರ್

ಹುಮನಾಬಾದಿನಲ್ಲಿ ನಾನು ಬಾಡಿಗೆಗಿರುವ ಕೋಣೆಯ ಕೆಳಗೆ ಹಿಟ್ಟಿನ ಗಿರಣಿ ಇದೆ. ಸಂಜೆ ಜೋಳ ಬೀಸುವಾಗ ಬಿಸಿ ಹಿಟ್ಟಿನ ವಾಸನೆ ಮೆಟ್ಟಿಲೇರಿ ಬರುತ್ತದೆ, ಸ್ವಲ್ಪ ಸಿಹಿ, ಸ್ವಲ್ಪ ಕಾದ ಕಲ್ಲಿನ ಹಾಗೆ. ಆ ವಾಸನೆ ಬಂದರೆ ನಾನು ಕೈಯಲ್ಲಿನ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತೇನೆ. ಮುಡಬಿಯ ಕಡೆ ನಮ್ಮೂರಿನ ಮನೆ, ಒಲೆಯ ಪಕ್ಕದ ಕರಿ ಗೋಡೆ, ಗೋಡೆಗೆ ಬೆನ್ನು ಕೊಟ್ಟು ಕೂತ ಆಯಿ, ಎಲ್ಲ ಕಣ್ಣ ಮುಂದೆ ಬರುತ್ತದೆ. ಆಯಿ ಅಂದರೆ ನನ್ನ ಅಪ್ಪನ ತಾಯಿ, ಸುಂದರಮ್ಮ. ಮಣ್ಣಿನ ಮಾಳಿಗೆಯ ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಅಪ್ಪ ಸಿಮೆಂಟಿನ ಮನೆ ಕಟ್ಟಿಸಿದ್ದಾನೆ. ಬೇಸಿಗೆಯಲ್ಲಿ ಅದರೊಳಗೆ ಕೂರಲಾಗುವುದಿಲ್ಲ.

ಆಯಿ ರೊಟ್ಟಿಗೆ ಹಿಟ್ಟು ತೆಗೆದಾಗಲೆಲ್ಲ ಮೊದಲ ಮುಷ್ಟಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಅದು ಪಾಸ್ಟರರ ಪಾಲು. ಭಾನುವಾರ ಬಿಳಿ ಬಟ್ಟೆಯಲ್ಲಿ ಕಟ್ಟಿ ಚರ್ಚಿಗೆ ಒಯ್ಯುತ್ತಿದ್ದಳು. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಹೀಗೇ ಇತ್ತು. ನೀವು ಅಂಥ ಮನೆಯಲ್ಲಿ ಬೆಳೆದವರಾದರೆ ನಿಮಗೂ ಆ ಗಡಿಗೆ ನೆನಪಿದ್ದೀತು. ಹಿಟ್ಟು ಕಡಿಮೆಯಿದ್ದ ದಿನ ಅವ್ವ ಗೊಣಗಿದರೆ ಆಯಿ ತಲೆ ಎತ್ತದೆ ಹೇಳುತ್ತಿದ್ದಳು, "ದೇವರ ಸೇವಕ ಹಸದ್ರ ನಮ್ಮ ಒಲಿ ಉರಿತದೇನ? ನೀ ಸುಮ್ಮ ತಟ್ಟವಾ."

ಹಾಗಂತ ಆಯಿ ಗೌರವಿಸಿದ್ದು ಕುರ್ಚಿಯನ್ನಲ್ಲ. ದೇವದಾನಪ್ಪ ಪಾಸ್ಟರರು ನಮ್ಮ ಚರ್ಚಿನ ಸಭೆಯಲ್ಲಿ ಎಷ್ಟು ಕಾಲ ಇದ್ದರೆಂದರೆ, ಅಪ್ಪನ ಮದುವೆ ಮಾಡಿಸಿದವರೂ ಅವರೇ, ನನಗೆ ದೀಕ್ಷಾಸ್ನಾನ ಕೊಟ್ಟವರೂ ಅವರೇ. ಆಯಿಯ ಗಂಡ, ನನ್ನ ಮುತ್ಯಾ, ಸಾಯುವಾಗ ಬಸವಕಲ್ಯಾಣದ ದವಾಖಾನೆಯಲ್ಲಿ ನೆಲದ ಮೇಲೆ ಚಾದರ ಹಾಸಿಕೊಂಡು ಪಕ್ಕದಲ್ಲೇ ಮಲಗಿದ್ದರು. ಬೆಳಗಾದರೆ ಸೈಕಲ್ಲಿನಲ್ಲಿ ಓಣಿ ಸುತ್ತಿ, ಕಟ್ಟೆಗೆ ಒಂದು ಕಾಲು ಊರಿ ನಿಂತು, "ಸುಂದರಮ್ಮಾ, ಜೀವಂತ ಅದಿಯೇನ?" ಎಂದು ಕೂಗುತ್ತಿದ್ದರು. ಆಯಿ ಒಳಗಿನಿಂದಲೇ, "ನೀವು ಮಣ್ಣು ಕೊಡೋತನಕ ಹೋಗಂಗಿಲ್ರಿ, ಘಾಬ್ರಿ ಆಗಬ್ಯಾಡ್ರಿ" ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಹಲವು ವರ್ಷ ಅದೊಂದು ಚೇಷ್ಟೆಯ ಮಾತಾಗಿತ್ತು.

ನಾನು ಆರನೆಯ ತರಗತಿಯಲ್ಲಿದ್ದಾಗ ಅವರು ನಿವೃತ್ತರಾದರು. ಆಗಲೇ ನನಗೆ ದಿನಚರಿ ಬರೆಯುವ ಚಟ ಹತ್ತಿತ್ತು. ಯಾವ ಭಾನುವಾರ ಯಾರು ಪ್ರಸಂಗ ಮಾಡಿದರು, ಎಷ್ಟು ಹಾಡು ಹಾಡಿದೆವು ಎಂದೆಲ್ಲ ಬರೆದಿಡುತ್ತಿದ್ದೆ. ಈಸ್ಟರಿನ ಮುಂದಿನ ವಾರ ಅವರು ಟ್ರಂಕು, ಸೈಕಲ್ಲು ಟೆಂಪೋಗೆ ಹಾಕಿಸಿ ಚಿಟಗುಪ್ಪದ ತಮ್ಮನ ಮನೆಗೆ ಹೋದರು. ನಮ್ಮಲ್ಲೊಂದು ರೂಢಿಯಿದೆ. ಸಭೆ ಬಿಟ್ಟುಹೋದ ಪಾಸ್ಟರ್, ಈಗಿರುವ ಪಾಸ್ಟರ್ ಕರೆಯದೆ ಅಲ್ಲಿ ಮದುವೆ, ಮಣ್ಣು ಯಾವುದನ್ನೂ ಮಾಡಿಸುವ ಹಾಗಿಲ್ಲ. ಹೊಸದಾಗಿ ಬಂದ ಸ್ಯಾಮುವೇಲ್ ಪಾಸ್ಟರರು ಹುಡುಗು ಮೋರೆಯವರು. ಬಂದ ಕೆಲವೇ ವಾರಗಳಲ್ಲಿ ಒಂದು ಪ್ರಸಂಗ ಮಾಡಿದರು: ದೇವರು ನಿಮ್ಮ ಮೇಲೆ ಇಟ್ಟ ಸೇವಕನನ್ನು ಗೌರವಿಸಿರಿ, ಆಶೀರ್ವಾದ ನಿಮ್ಮ ಮನೆಯನ್ನು ಹುಡುಕಿಕೊಂಡು ಬರುತ್ತದೆ. ಎಲ್ಲರೂ ಆಮೆನ್ ಅಂದರು. ಆ ವರ್ಷವೇ ಸಭೆಯ ಹಿರಿಯನಾಗಿದ್ದ ನನ್ನ ಅಪ್ಪ ಅದನ್ನು ಹುಕುಂ ಎಂದು ಹಿಡಿದುಕೊಂಡ. ಅಂದಿನಿಂದ ಸ್ಯಾಮುವೇಲ್ ಪಾಸ್ಟರರು ಮನೆಗೆ ಬಂದರೆ ಅಪ್ಪ ಅವರೆದುರು ಕೂರುತ್ತಿರಲಿಲ್ಲ. ದೇವದಾನಪ್ಪನವರ ಹೆಸರು ಅವರ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುತ್ತಿದ್ದ. ಯಾರಾದರೂ ಹಳೆಯವರ ಮಾತೆತ್ತಿದರೆ, "ಮೆಲ್ಲಕ, ಅವರ ಮನಸಿಗೆ ಹತ್ತೀತು" ಎಂದು ಸನ್ನೆ ಮಾಡುತ್ತಿದ್ದ.

ಮುಂದಿನ ಚಳಿಗಾಲದಲ್ಲಿ ಆಯಿ ಹಾಸಿಗೆ ಹಿಡಿದಳು. ಕಾಲಿನ ಬಾವು ಇಳಿಯಲಿಲ್ಲ. ಒಂದು ಮಧ್ಯಾಹ್ನ ಅಪ್ಪನನ್ನು ಹತ್ತಿರ ಕರೆದಳು. ನಾನು ಅವಳ ಕಾಲು ತಿಕ್ಕುತ್ತ ಅಲ್ಲೇ ಇದ್ದೆ.

"ಪ್ರಭು, ದೇವದಾನಪ್ಪನವ್ರಿಗಿ ಫೋನ್ ಹಚ್ಚು. ನನ್ನ ಮಣ್ಣಿಗಿ ಅವರೇ ನಿಂದ್ರಬೇಕು."

"ಈಗ್ಯಾಕ ಆ ಮಾತು? ಆರಾಮಾಗ್ತಿ."

"ಆರಾಮದ್ದು ನನಗ ಬಿಡು. ನೀ ಸ್ಯಾಮುವೇಲ್ ಪಾಸ್ಟರರಿಗಿ ಒಂದ್ ಮಾತು ಕೇಳು. ಅವರು ಹೂಂ ಅಂದ್ರ ಸಾಕಲ್ಲ?"

"ಹ್ಯಾಂಗ ಕೇಳ್ಲಿ ಯವ್ವಾ? ನಿಮ್ಮ ಕೈ ಬ್ಯಾಡ, ಹಳಬರ ಕೈ ಬೇಕು ಅಂತ ಅವರ ಮಾರಿಗಿ ಹೇಳ್ಲೇನ? ದೇವರ ಸೇವಕನ ಮನಸು ನೋಯಿಸಿ ಆಶೀರ್ವಾದ ಕಳಕೊಳ್ಳಲೇನ? ಮಕ್ಕಳದಾವ ಮನ್ಯಾಗ."

ಆಯಿ ಅವನ ಕಡೆ ತಿರುಗಿದಳು. "ದೇವರ ಸೇವಕ ಅಷ್ಟು ಸಣ್ಣ ಮನಸಿನಾಂವ ಇರ್ತಾನ ಅಂತ ತಿಳದೀ ಏನು?" ಅಂದಳು. ಅಪ್ಪ ಎದ್ದು ಹೊರಗೆ ಹೋದ. ಅವಳು ಗೋಡೆಯ ಕಡೆ ಹೊರಳಿದಳು. ಆಮೇಲೆ ಆ ಮಾತು ಮತ್ತೆ ಎತ್ತಲಿಲ್ಲ.

ಅವಳು ಹೋದ ದಿನ ಯಾರು ಸುದ್ದಿ ಮುಟ್ಟಿಸಿದರೋ, ದೇವದಾನಪ್ಪನವರು ಎರಡು ಬಸ್ಸು ಬದಲಿಸಿ ಬಂದರು. ಬಿಳಿ ಅಂಗಿ, ಕಂಕುಳಲ್ಲಿ ಹಳೆಯ ಪುಸ್ತಕ. ಅವರು ಸ್ಮಶಾನದ ಬೇಲಿ ದಾಟುವಷ್ಟರಲ್ಲಿ ಪ್ರಾರ್ಥನೆ ಆರಂಭವಾಗಿತ್ತು. ಅಪ್ಪ ಅವರನ್ನು ನೋಡಿದ. ನೋಡಿ, ಸ್ಯಾಮುವೇಲ್ ಪಾಸ್ಟರರಿಗೆ ಕಾಣದಂತೆ ಅಡ್ಡ ನಿಂತ. ದೇವದಾನಪ್ಪನವರು ಹೆಂಗಸರ ಹಿಂದೆ, ಜಾಲಿಗಿಡದ ಹತ್ತಿರ ನಿಂತುಕೊಂಡರು. ಪುಸ್ತಕ ತೆರೆಯಲಿಲ್ಲ. ಸ್ಯಾಮುವೇಲ್ ಪಾಸ್ಟರರು ಎಲ್ಲವನ್ನೂ ಕ್ರಮವಾಗಿ, ಸ್ಪಷ್ಟವಾಗಿ ಓದಿದರು. ಈ ತಾಯಿ ದೇವರ ಸೇವಕರನ್ನು ಗೌರವಿಸಿದವಳು, ಆದ್ದರಿಂದ ಈ ಮನೆತನಕ್ಕೆ ಕೊರತೆಯಾಗದು ಎಂದರು. ಎಲ್ಲರೂ ಮಣ್ಣು ಹಾಕಿ ತಿರುಗಿದ ಮೇಲೆ ದೇವದಾನಪ್ಪನವರು ಚಪ್ಪಲಿ ಬಿಟ್ಟು ಮುಂದೆ ಬಂದರು. ಅಷ್ಟರಲ್ಲಿ ಸಲಿಕೆಯವರು ಕುಣಿ ಮುಚ್ಚಿಬಿಟ್ಟಿದ್ದರು. ಅವರು ಕೈಯಲ್ಲಿದ್ದ ಹಿಡಿಮಣ್ಣನ್ನು ಮೇಲೆಯೇ ಸುರಿದು, ಅಂಗೈಯಿಂದ ಸಮ ಮಾಡಿ, "ತಡ ಆತು ಸುಂದರಮ್ಮಾ" ಅಂದರು. ನಾನು ಅವರ ಚಪ್ಪಲಿಯ ಹತ್ತಿರ ನಿಂತಿದ್ದೆ. ನನ್ನ ತಲೆ ಮುಟ್ಟಿದರು. ಮನೆಗೆ ಬರ್ರಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಅವರೂ ತೀರಿಕೊಂಡರೆಂದು ಚರ್ಚಿನಲ್ಲಿ ಹೇಳಿದರು. ಆ ದಿನ ಸ್ಯಾಮುವೇಲ್ ಪಾಸ್ಟರರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅವ್ವ ರೊಟ್ಟಿ ಬಡಿಸುತ್ತ, ಬಹುಶಃ ತಡೆಯಲಾರದೆ, ಹೇಳಿಬಿಟ್ಟಳು. "ನಮ್ಮತ್ತಿ ಅವರ ಕೈಲೇ ಮಣ್ಣಾಗಬೇಕಂತ ಭಾಳ ಆಶಾ ಮಾಡಿದ್ಳು ನೋಡ್ರಿ."

ಪಾಸ್ಟರರ ಕೈ ತಾಟಿನಲ್ಲೇ ನಿಂತಿತು. "ನನಗ್ಯಾರೂ ಹೇಳ್ಲಿಲ್ಲಲ್ರಿ ಅಕ್ಕಾ. ಮಣ್ಣಿಗಿ ಅವರೂ ಬಂದಿದ್ರೇನು?"

ಅವ್ವ ಹೌದೆಂದು ತಲೆಯಾಡಿಸಿದಳು.

"ಒಂದ್ ಮಾತು ಹೇಳಿದ್ರ ನಾನೇ ಅವರ ಕೈಯಾಗ ಪುಸ್ತಕ ಕೊಡ್ತಿದ್ದೆ. ನಮ್ಮಂಥವರಿಗಿ ಅವರು ತಂದಿ ಇದ್ದಾಂಗ. ಯಾಕ ಹೇಳ್ಲಿಲ್ರಿ ಪ್ರಭಣ್ಣ?"

ಅಪ್ಪ ಗೋಡೆ ಹಿಡಿದು ನಿಂತಿದ್ದ. "ನಿಮಗ ಅವಮಾನ ಆಗಬಾರದಂತರಿ" ಅಂದ. ಪಾಸ್ಟರರು ಉಳಿದ ರೊಟ್ಟಿ ಮುಟ್ಟಲಿಲ್ಲ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ನೋವಿತ್ತು, ಅದನ್ನು ನೋಡಲಾಗದೆ ನಾನು ಹಿತ್ತಲಿಗೆ ಹೋದೆ.

ಆ ಪಾಸ್ಟರರಿಗೂ ವರ್ಗವಾಯಿತು. ಅವರ ನಂತರ ಮತ್ತಿಬ್ಬರು ಬಂದು ಹೋದರು. ನಮ್ಮ ಮನೆಗೆ ಆಶೀರ್ವಾದ ಬರಲಿಲ್ಲ ಅನ್ನಲಾರೆ. ಬಾವಿಗೆ ನೀರು ಬಂತು, ತಮ್ಮನಿಗೆ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು, ಮನೆ ಎದ್ದಿತು. ಗೃಹಪ್ರವೇಶದ ದಿನ ಪಾಸ್ಟರರು ಇದನ್ನೆಲ್ಲ ಎಣಿಸಿ ಸ್ತೋತ್ರ ಹೇಳುವಾಗ ಅಪ್ಪ ನೆಲ ನೋಡುತ್ತಿದ್ದ.

ಹುಮನಾಬಾದಿನಿಂದ ಚಿಟಗುಪ್ಪಕ್ಕೆ ದೂರವಿಲ್ಲ. ಪ್ರತಿ ವರ್ಷ ಈಸ್ಟರಿನ ಮುಂಚೆ ನಾನು ಹೋಗಿ ದೇವದಾನಪ್ಪನವರ ಸಮಾಧಿಗೆ ಸುಣ್ಣ ಬಳಿದು ಬರುತ್ತೇನೆ. ಹೋಗುವ ಮುನ್ನ ಪ್ರತಿ ಸಲವೂ ಅಪ್ಪನಿಗೆ ಫೋನ್ ಮಾಡಿ, ನೀನೂ ಬಾ ಅನ್ನುತ್ತೇನೆ. ಅವನು ಬರುತ್ತೇನೆ ಅನ್ನುತ್ತಾನೆ. ನಾನು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ. ಅಪ್ಪ ಬರಬೇಕಾದ ಬಸವಕಲ್ಯಾಣದ ಕಡೆಯ ಬಸ್ಸುಗಳು ಒಂದರ ಹಿಂದೊಂದು ಬಂದು ಖಾಲಿಯಾಗುತ್ತವೆ.