ಹೊಸ್ತಿಲಲ್ಲಿ ಬಿಚ್ಚಿಟ್ಟ ಬೂಟು

ನನ್ನ ಎಡಗಾಲು ಸುಳ್ಳು ಎಂದು ಯಾರೋ ಸರ್ಕಾರಕ್ಕೆ ಮೂಗರ್ಜಿ ಬರೆದಿದ್ದರು. ಹೆಸರಿಲ್ಲ, ಸಹಿಯಿಲ್ಲ. ಹದಿನೈದು ದಿನದೊಳಗೆ ದೊಡ್ಡ ದವಾಖಾನೆಯ ವೈದ್ಯರ ಮಂಡಳಿಯ ಮುಂದೆ ಹಾಜರಾಗಿ ಮರುಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಸೇವೆಯಿಂದ ತೆಗೆಯಲಾಗುವುದು ಎಂದು ಇಲಾಖೆಯ ನೋಟೀಸು ಬಂತು. ನನ್ನದು ಅಂಗವಿಕಲರ ಮೀಸಲಾತಿಯಲ್ಲಿ ಸಿಕ್ಕ ಶಿಕ್ಷಕಿಯ ಕೆಲಸ. ಕಾಲು ಸುಳ್ಳಾದರೆ ನೌಕರಿಯೂ ಸುಳ್ಳು, ಹದಿನಾಲ್ಕು ವರ್ಷ ಸೀಮೆಸುಣ್ಣದ ಪುಡಿ ನುಂಗಿದ್ದೂ ಸುಳ್ಳು. ಮೊದಲು ನಗು ಬಂತು. ಪೋಲಿಯೋ ಬಂದ ಕಾಲನ್ನು ನಲವತ್ತು ವರ್ಷ ಎಳೆದುಕೊಂಡು ತಿರುಗಿದವಳಿಗೆ, ಇದು ಖರೇನೋ ಅಂತ ಕೇಳುತ್ತಾರೆ. ನಗು ಒಂದು ತಾಸು ಇತ್ತು. ಆಮೇಲೆ ಸಂಶಯ ಬಂದು ಕೂತಿತು, ಅದು ಮಾತ್ರ ಏಳಲೇ ಇಲ್ಲ.

ಬರೆದವರು ಯಾರು? ಯಾಕೆ? ಅದನ್ನು ಹೇಳುವ ಮೊದಲು ನನ್ನ ಬೂಟಿನ ವಿಷಯ ಹೇಳಬೇಕು.

ನಾನು ಹಾಕುವ ಕ್ಯಾಲಿಪರ್ ಎಂದರೆ ಎರಡು ಕಬ್ಬಿಣದ ಸರಳು, ತೊಡೆಗೊಂದು ಮೊಣಕಾಲಿಗೊಂದು ತೊಗಲಿನ ಪಟ್ಟಿ, ಕೆಳಗೆ ಒಂದು ದಪ್ಪ ಬೂಟು. ಸರಳು ಬೂಟಿಗೇ ಬೆಸೆದಿರುತ್ತದೆ. ಬೂಟು ಬಿಚ್ಚಿದರೆ ಕಾಲೇ ಬಿಚ್ಚಿದ ಹಾಗೆ. ನಮ್ಮ ಕಡೆಯ ಶಾಲೆಗಳಲ್ಲಿ ಮಕ್ಕಳೂ ಮಾಸ್ತರರೂ ಚಪ್ಪಲಿಯನ್ನು ತರಗತಿಯ ಬಾಗಿಲ ಹೊರಗೆ ಬಿಡುತ್ತಾರೆ. ಒಳಗೆ ವಿದ್ಯೆ ಇದೆ, ಪುಸ್ತಕ ಇವೆ, ಅದಕ್ಕೆ. ನಮ್ಮಪ್ಪ ನರಗುಂದದಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು. ದರ್ಗಾದ ಹೊಸ್ತಿಲು, ಗುಡಿಯ ಹೊಸ್ತಿಲು, ಸಾಲಿಯ ಹೊಸ್ತಿಲು ಮೂರೂ ಒಂದೇ ಎನ್ನುತ್ತಿದ್ದ. ಹಾಗಾಗಿ ರೋಣಕ್ಕೂ ಗಜೇಂದ್ರಗಡಕ್ಕೂ ನಡುವಿನ ಈ ಊರಿನ ಶಾಲೆಗೆ ಬಂದ ಮೊದಲ ದಿನವೇ, ಇರಲಿ ಅಕ್ಕೋರ, ನೀವು ಬೂಟು ಹಾಕ್ಕೊಂಡ ಬರ್ರಿ ಎಂದು ಹೆಡ್‌ಮಾಸ್ತರರು ಅಂದರೂ ನಾನು ಕೇಳಲಿಲ್ಲ. ಅವರ ದಯೆ ನನಗೆ ಬೇಕಿರಲಿಲ್ಲ. ಸೊಕ್ಕು ಅನ್ನಿ ಬೇಕಾದರೆ. ಹೊಸ್ತಿಲ ಹೊರಗೆ ಕೂತು, ಪಟ್ಟಿ ಬಿಚ್ಚಿ, ಕಬ್ಬಿಣವನ್ನು ಗೋಡೆಗೆ ಒರಗಿಸಿ, ಎಡಗೈಯಿಂದ ತೊಡೆ ಒತ್ತಿ ಹಿಡಿದು, ಗೋಡೆ ಮೇಜು ಹಿಡಿದು ಒಳಗೆ ಹೋಗುತ್ತಿದ್ದೆ. ಸಂಜೆಗೆ ಮೊಣಕಾಲು ಬಾತು ಬರುತ್ತಿತ್ತು. ತಿಂಗಳಿಗೆ ಒಂದು ಸಲವಾದರೂ ಬೀಳುತ್ತಿದ್ದೆ.

ಊರಿನವರು ಇದನ್ನು ಹದಿನಾಲ್ಕು ವರ್ಷ ನೋಡಿದರು. ಅವರಿಗೆ ಕಂಡದ್ದೇನು? ಬಸ್ಸಿನಲ್ಲಿ ಕಬ್ಬಿಣ ಹಾಕಿಕೊಂಡು ಬರುತ್ತಾಳೆ, ಶಾಲೆಯೊಳಗೆ ಬಿಚ್ಚಿಟ್ಟು ಓಡಾಡುತ್ತಾಳೆ, ಮತ್ತೆ ಬಸ್ಸಿಗೆ ಹಾಕಿಕೊಳ್ಳುತ್ತಾಳೆ. ಹಾಗಾದರೆ ಕಬ್ಬಿಣ ಯಾರಿಗೆ ತೋರಿಸಲಿಕ್ಕೆ? ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡರು ಅನ್ನುತ್ತಾರಲ್ಲ, ನಾನು ಕಾಲು ತೋರಿಸಿ ಅನ್ನಿಸಿಕೊಂಡೆ.

ನೋಟೀಸು ಬಂದ ಮರುದಿನದಿಂದ ನನ್ನ ಕಣ್ಣು ಬೇರೆಯಾಯಿತು. ಬಸ್ಸಿನ ಕಂಡಕ್ಟರ್ ದಿನಾ ಪಾಸು ಕೇಳುತ್ತಿದ್ದ, ಅದರ ಮೇಲಿನ ಫೋಟೋ ನೋಡಿ ನನ್ನ ಕಾಲು ನೋಡುತ್ತಿದ್ದ. ಫೋಟೋದಲ್ಲಿ ಮುಖವಿದೆ, ಇವನು ಕಾಲನ್ನು ಯಾಕೆ ನೋಡುತ್ತಾನೆ? ಇವನೇ ಇರಬಹುದು ಅಂದುಕೊಂಡೆ. ಎರಡು ದಿನಕ್ಕೆ ಅವನನ್ನು ಬಿಟ್ಟೆ, ಯಾಕೆಂದರೆ ಅವನಿಗಿಂತ ಚಲೋ ಗಿರಾಕಿ ಸಿಕ್ಕ. ನಮ್ಮ ಶಾಲೆಯ ಗಣಿತದ ಮಾಸ್ತರ. ಮೂರು ವರ್ಷದಿಂದ ಹೆಂಡತಿಯನ್ನು ಈ ಊರಿನ ಸಮೀಪಕ್ಕೆ ವರ್ಗ ಮಾಡಿಸಿಕೊಳ್ಳಲು ಒದ್ದಾಡುತ್ತಿದ್ದ, ಅವಳೂ ಕನ್ನಡದ ಶಿಕ್ಷಕಿ. ನಾನು ಹೋದರೆ ನನ್ನ ಜಾಗ ಖಾಲಿ. ಇಷ್ಟು ಸರಳವಾದ ಲೆಕ್ಕ ನನಗೆ ಇಷ್ಟು ದಿನ ಹೊಳೆದಿರಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಅವನ ಜೊತೆ ಮಾತು ಬಿಟ್ಟೆ. ಅವನು ಚಾಕ್‌ಪೀಸಿನ ಡಬ್ಬಿ ಕೊಟ್ಟರೆ ಮೇಜಿನ ಮೇಲೆ ಇಡ್ರಿ ಅನ್ನುತ್ತಿದ್ದೆ. ಒಂದು ದಿನ ಮಕ್ಕಳ ಎದುರಿಗೇ, ಕೆಲವರು ಕೂಡಿಸೋದು ಕಳೆಯೋದು ಬಿಟ್ಟು ಬರೆಯೋದನ್ನೂ ಕಲಿತಿದ್ದಾರೆ ಅಂದೆ. ಆ ಮನುಷ್ಯ ಬೆಪ್ಪಾಗಿ ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿತ್ತು, ಇವನು ಮುಟ್ಟಿಕೊಳ್ಳಲಿಲ್ಲ. ಭಾಳ ಶಾಣ್ಯಾ ಇದ್ದಾನೆ ಅಂದುಕೊಂಡೆ. ದವಾಖಾನೆಗೆ ತನ್ನ ಬೈಕಿನ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಅಂದಾಗಲಂತೂ ಖಾತ್ರಿಯಾಯಿತು. ಬೈಕಿನ ಹಿಂದೆ ಕಾಲು ಹಾಕಿ ಕೂತದ್ದನ್ನು ಫೋಟೋ ಹೊಡೆಸಿ ಮಂಡಳಿಗೆ ಕಳಿಸುವ ಹಂಚಿಕೆ.

ಇದನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ಒಬ್ಬಳ ಮುಂದೆ ಮಾತ್ರ. ನಮ್ಮ ಬಿಸಿಯೂಟದ ಅಡಿಗೆಯಾಕೆ. ನನಗಿಂತ ಎರಡು ವರ್ಷ ಸಣ್ಣವಳು. ಗಂಡ ಮಂಗಳೂರಿನ ಕಡೆ ಗಾರೆ ಕೆಲಸಕ್ಕೆ ಹೋದವನು, ಬಂದರೆ ಬಂದ. ಒಬ್ಬಳೇ ಮಗಳು, ನನ್ನ ಏಳನೇ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವಳು. ಆ ಹುಡುಗಿಗೆ ಹುಟ್ಟಿನಿಂದ ಎರಡೂ ಮೊಣಕಾಲು ಒಳಗೆ ಸೇರಿಕೊಂಡಿದ್ದವು, ಬೆರಳ ತುದಿಯಲ್ಲಿ ನಡೆಯುತ್ತಿದ್ದಳು. ಶಾಲೆಗೊಂದು ಇಳಿಜಾರು ಕಟ್ಟಿಸಿದ್ದರು, ಅದು ಎಷ್ಟು ಕಡಿದಾಗಿತ್ತೆಂದರೆ ನಾನೂ ಹುಡುಗಿಯೂ ಮೆಟ್ಟಿಲನ್ನೇ ಹತ್ತುತ್ತಿದ್ದೆವು, ಇಳಿಜಾರಿನ ಮೇಲೆ ಅಡಿಗೆಯಾಕೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಮಧ್ಯಾಹ್ನ ಅವಳ ಒಲೆಯ ಬದಿಗೆ ಕೂತು ನಾನು ಚಹಾ ಕುಡಿಯುತ್ತ, ಕಂಡಕ್ಟರನನ್ನೂ ಮಾಸ್ತರನನ್ನೂ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಅವಳು ಬೇಳೆ ಆರಿಸುತ್ತ ಕೇಳುತ್ತಿದ್ದಳು. ಊರ ಬಾಯಿಗೆ ಮುಚ್ಚಳ ಹಾಕಲು ಆಗುವುದಿಲ್ಲ, ಬಿಡಿ ಎಂದು ಒಮ್ಮೆ ಅಂದಿದ್ದು ಬಿಟ್ಟರೆ ಬೇರೆ ಏನೂ ಅನ್ನಲಿಲ್ಲ. ಇಡೀ ಊರಿನಲ್ಲಿ ನಂಬಬಹುದಾದ ಹೆಂಗಸು ಇವಳೊಬ್ಬಳೇ ಅನ್ನಿಸುತ್ತಿತ್ತು.

ಹೇಳಿದ ದಿನ ಒಬ್ಬಳೇ ಬಸ್ಸು ಹತ್ತಿ ದವಾಖಾನೆಗೆ ಹೋದೆ. ಅಂಗವಿಕಲರನ್ನು ಪರೀಕ್ಷೆ ಮಾಡುವ ಕೋಣೆ ಮೊದಲನೇ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿದ್ದರು. ಆ ಮೆಟ್ಟಿಲ ಬುಡದಲ್ಲಿ ನಿಂತು ಹಾಳಾಗಿ ಹೋಗಲಿ ಎಂದು ಗಟ್ಟಿಯಾಗಿಯೇ ಅಂದೆ. ಹತ್ತಿದರೆ ಕಾಲು ಸರಿ ಇದೆ ಅನ್ನುತ್ತಾರೆ, ಹತ್ತದಿದ್ದರೆ ಗೈರುಹಾಜರಿ ಹಾಕುತ್ತಾರೆ. ಹತ್ತುವವರನ್ನು ಮೇಲಿನಿಂದ ಯಾರೋ ನೋಡುತ್ತಿದ್ದಾರೆ ಎಂದು ನನಗೆ ಖಾತ್ರಿಯಿತ್ತು. ಮೆಟ್ಟಿಲ ಮೇಲೆ ಹಿಮ್ಮುಖವಾಗಿ ಕೂತು, ಕೈ ಊರಿ, ಒಂದೊಂದೇ ಮೆಟ್ಟಿಲು ಮೇಲೆ ಸರಿದೆ. ಹೊಸ ಸೀರೆ ಉಟ್ಟುಕೊಂಡು ಹೋಗಿದ್ದೆ, ಅದರ ಗತಿ ಕೇಳಬೇಡಿ.

ಒಳಗೆ ಮೂವರಿದ್ದರು. ಮಾತಾಡಿದವನು ಒಬ್ಬನೇ, ಮೀಸೆ ಈಗಷ್ಟೇ ಬಂದಂತಿದ್ದ ಡಾಕ್ಟರು. ಕ್ಯಾಲಿಪರ್ ಬಿಚ್ಚಲು ಹೇಳಿದ. ಟೇಪಿನಿಂದ ಎರಡೂ ತೊಡೆ ಅಳೆದು ಬರೆದುಕೊಂಡ. ಆಮೇಲೆ ಒಂದು ಕಾಗದ ತೆಗೆದು ದೂರನ್ನು ಓದಿದ. ಈ ಶಿಕ್ಷಕಿ ಕಬ್ಬಿಣದ ಕಾಲನ್ನು ಬಾಗಿಲಲ್ಲಿ ಬಿಚ್ಚಿಟ್ಟು ನಡೆಯುತ್ತಾರೆ. ಬಾಗಿಲಿನಿಂದ ಕರಿಹಲಗೆಗೆ ಎಂಟು ಹೆಜ್ಜೆ. ಮೊದಲ ಮೂರು ಗೋಡೆ ಹಿಡಿದು, ಎರಡು ಮೇಜು ಹಿಡಿದು, ಕಡೆಯ ಮೂರು ಏನೂ ಹಿಡಿಯದೆ. ಅಷ್ಟೇ ಇತ್ತು. ಬೈಗುಳವಿಲ್ಲ, ಸುಳ್ಳೂ ಇಲ್ಲ.

ನಡೆದು ತೋರಿಸಿ ಅಂದ. ಗೋಡೆ ಹಿಡಿದು ಎದ್ದೆ. ಒಂದು, ಎರಡು, ಮೂರು. ಅಲ್ಲಿ ಕೈ ಬಿಟ್ಟು ನೆಲಕ್ಕೆ ಕೂತುಬಿಟ್ಟೆ. ಬಿದ್ದೆ ಎಂದು ಅವರು ತಿಳಿದರು. ಖರೇ ಹೇಳಬೇಕೆಂದರೆ ಇನ್ನೂ ಐದು ಹೆಜ್ಜೆ ನನ್ನೊಳಗೆ ಇದ್ದವು. ಜೀವಮಾನದಲ್ಲಿ ಮೊದಲ ಸಲ ನನಗಿಂತ ಹೆಚ್ಚಿನ ಕುಂಟಿಯ ಹಾಗೆ ನಡೆದೆ, ನೌಕರಿ ಹೋಗುತ್ತದೆ ಎಂಬ ಭಯಕ್ಕೆ. ನಾಚಿಕೆಯಿಂದ ಮೈ ಬಿಸಿಯಾಯಿತು. ಡಾಕ್ಟರು ಸಾಕು ಏಳಿ ಅಂದ, ಮೊದಲಿನ ಪ್ರಮಾಣಪತ್ರ ಸರಿಯಿದೆ ಎಂದು ಬರೆದು ಮೂವರೂ ಸಹಿ ಹಾಕಿದರು. ಟೇಪು ನೋಡಿ ಬರೆದನೋ ಮೂರು ಹೆಜ್ಜೆ ನೋಡಿ ಬರೆದನೋ ಇವತ್ತಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ಬರುವಾಗ ನೌಕರಿ ಉಳಿದ ಸಂತೋಷ ಸ್ವಲ್ಪವೂ ಆಗಲಿಲ್ಲ. ಆ ಎಂಟು ಹೆಜ್ಜೆ ತಲೆಯಲ್ಲಿ ಕೂತಿದ್ದವು. ಗಣಿತದ ಮಾಸ್ತರ ನಾನು ಪಾಠ ಮಾಡುವಾಗ ತರಗತಿಗೆ ಬಂದವನೇ ಅಲ್ಲ. ಬಂದರೂ ಅವನಿಗೆ ಕಾಣುವುದು ನಾನು ನಡೆದೆ ಎಂಬುದು, ಎಷ್ಟು ಹೆಜ್ಜೆ ಎಂಬುದಲ್ಲ. ಕಾಲು ಸರಿ ಇದ್ದವರು ಹೆಜ್ಜೆ ಎಣಿಸುವುದಿಲ್ಲ. ಎಣಿಸುವವರು ಯಾರು ಎಂದು ನನ್ನನ್ನೇ ಕೇಳಿಕೊಂಡೆ. ರೋಣದಲ್ಲಿ ನನ್ನ ಬಾಡಿಗೆ ಮನೆ, ಅಲ್ಲಿ ಇಳಿಯಬೇಕಿತ್ತು. ಇಳಿಯಲಿಲ್ಲ, ಸೀದಾ ಶಾಲೆಯ ಊರಿಗೆ ಹೋದೆ.

ಅಡಿಗೆಯಾಕೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಗೋಡೆಗೆ ಒರಗಿ ಓದುತ್ತಿದ್ದಳು. ನನ್ನನ್ನು ನೋಡಿ ಪುಸ್ತಕ ಮುಚ್ಚಿದಳು. ಆ ಮುಚ್ಚಿದ್ದರಲ್ಲೇ ನನಗೆ ಉತ್ತರ ಸಿಕ್ಕಿತು. ಬರೆದದ್ದು ನೀವೇನು ಎಂದು ಕೇಳಿದೆ. ಇಲ್ಲ ಅನ್ನುತ್ತಾಳೆ, ಆಣೆ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಆಮೇಲೆ ನನ್ನ ಕಡೆ ತಿರುಗಿದಳು.

"ಹೇಳಿದಾಕಿ ನಾನು. ಬರದಾಕಿ ಇಕಿ. ನಾ ಸುಳ್ಳು ಬರಸಿಲ್ರಿ ಅಕ್ಕೋರ, ಕಂಡದ್ದ ಬರಸೀನಿ. ನೀವೂ ಕಂಡದ್ದ ಬರದಿದ್ರಲ್ಲ."

ನಾನೇನು ಬರೆದಿದ್ದೆ? ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ನೆನಪಾಯಿತು, ನೆನಪಾಗಬಾರದಿತ್ತು. ಹೋದ ವರ್ಷ ಅಂಗವಿಕಲರ ಕಾರ್ಡಿನ ಶಿಬಿರವಿದ್ದಾಗ, ಹುಡುಗಿಗೆ ನಡೆಯಲು ಆಗುವುದಿಲ್ಲ ಎಂದು ಶಾಲೆಯಿಂದ ಒಂದು ಕಾಗದ ಕೊಡಿ ಎಂದು ಇವಳು ಬಂದಿದ್ದಳು. ನನಗೆ ಸಂಶಯ ಬಂದಿತ್ತು. ಸರ್ಕಾರದ ಸೌಲಭ್ಯಕ್ಕೆ ಆಸೆಪಟ್ಟು ನಡೆಯುವ ಮಗಳನ್ನು ಹೆಳವಿ ಮಾಡುತ್ತಿದ್ದೀರಿ ಎಂದು ಅವಳ ಮುಖಕ್ಕೇ ಅಂದಿದ್ದೆ. ದಿನವೂ ತಾನೇ ನಡೆದು ಶಾಲೆಗೆ ಬರುತ್ತಾಳೆ, ಯಾರ ಸಹಾಯವೂ ಬೇಕಿಲ್ಲ ಎಂದು ಚಂದದ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ. ಹೆಮ್ಮೆಯಿಂದ ಬರೆದಿದ್ದೆ. ಹುಡುಗಿಯನ್ನು ಕರೆದು, ಡಾಕ್ಟರ ಮುಂದೆ ನೆಟ್ಟಗೆ ನಡೆದು ತೋರಿಸು, ಯಾರಿಗೂ ಸೋಲಬೇಡ ಎಂದೂ ಹೇಳಿ ಕಳಿಸಿದ್ದೆ.

ನಡೆದು ತೋರಿಸಿದಳಂತೆ. ಹಲ್ಲು ಕಚ್ಚಿ, ಕೋಣೆಯ ಈ ಗೋಡೆಯಿಂದ ಆ ಗೋಡೆಗೆ. ಅವರು ನನ್ನ ಕಾಗದ ಓದಿದರಂತೆ, ಹುಡುಗಿಯನ್ನು ನೋಡಿದರಂತೆ, ಕಾರ್ಡು ಬರುವಷ್ಟು ಇಲ್ಲ ಎಂದು ಕಳಿಸಿಬಿಟ್ಟರಂತೆ. ಎಂಟನೇ ತರಗತಿಗೆ ರೋಣಕ್ಕೆ ಹೋಗಬೇಕು. ಕಾರ್ಡಿಲ್ಲದೆ ಮೂರು ಗಾಲಿಯ ಸೈಕಲ್ಲು ಸಿಗುವುದಿಲ್ಲ, ಬಸ್‌ಸ್ಟ್ಯಾಂಡಿನಿಂದ ಹೈಸ್ಕೂಲಿಗೆ ಆ ಕಾಲಲ್ಲಿ ನಡೆಯಲಾಗುವುದಿಲ್ಲ. ಏಳಕ್ಕೇ ಶಾಲೆ ಬಿಡಿಸುತ್ತೇನೆ ಎಂದು ಅವಳು ಒಲೆಯ ಕಡೆ ಮುಖ ಮಾಡಿ ಹೇಳಿದಳು.

"ನಡಿಯಾಕ ಬರ್ತೈತಿ ಅಂತ ನನ್ನ ಮಗಳಿಗೆ ಇಲ್ಲಂದ್ರು. ನೀವೂ ನಡೀತಿದ್ರಿ. ನಿಮಗ ಕಾರ್ಡು ಹ್ಯಾಂಗ ಐತಿ ಅಂತ ಕೇಳಿದ್ನಿ, ಅಷ್ಟ. ತಪ್ಪಾತೇನ್ರಿ?"

ಬೈಯಬೇಕೆಂದು ಬಂದಿದ್ದೆ. ಹದಿನೈದು ದಿನ ನಾನು ಊರನ್ನೆಲ್ಲ ಸಂಶಯದಿಂದ ನೋಡಿದ್ದೆ, ಪಾಪ ಆ ಮಾಸ್ತರನ ಮಾನ ಕಳೆದಿದ್ದೆ. ನನ್ನ ಮೇಲೆ ನನಗೆ ಅಸಹ್ಯವಾಯಿತು, ಅದನ್ನು ಮುಚ್ಚಿಡಲೂ ಆಗಲಿಲ್ಲ, ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವಳು ನೀರು ಕೊಟ್ಟಳು. ಸಮಾಧಾನ ಮಾಡಲಿಲ್ಲ.

ಹುಡುಗಿ ಪುಸ್ತಕ ಕೆಳಗಿಟ್ಟಳು. ಡಾಕ್ಟರರ ಮುಂದೆ ಎಷ್ಟು ಹೆಜ್ಜೆ ನಡೆದಿರಿ ಎಂದು ಕೇಳಿದಳು. ಮೂರು ಅಂದೆ.

"ನಿಮಗ ಎಂಟ ಬರ್ತಾವಲ್ರಿ ಅಕ್ಕೋರ," ಅಂದಳು. ಅವಳ ದನಿಯಲ್ಲಿ ಚುಚ್ಚುಮಾತು ಇರಲಿಲ್ಲ. ಲೆಕ್ಕ ತಪ್ಪಿದ್ದನ್ನು ಹೇಳಿದಳು, ಅಷ್ಟೆ.

ಕಣ್ಣೊರೆಸಿಕೊಂಡೆ. ಮತ್ತೆ ಶಿಬಿರ ಯಾವಾಗ ಎಂದು ಕೇಳಿದೆ, ಬರುವ ತಿಂಗಳು ಅಂದರು. ಹೊಸ ಕಾಗದ ನಾನೇ ಬರೆಯುತ್ತೇನೆ, ಜೊತೆಗೆ ನಾನೂ ಬರುತ್ತೇನೆ ಅಂದೆ. ಆದರೆ ಕಾಗದ ಒಂದರಿಂದ ಆಗುವುದಿಲ್ಲ, ಅವರು ನಡೆಸಿ ನೋಡುತ್ತಾರೆ, ಅದು ನನಗೆ ಆ ದಿನವೇ ಗೊತ್ತಾಗಿತ್ತು. ಮೂರು ಹೆಜ್ಜೆಗೆ ಕೂತುಬಿಡಬೇಕು, ಎದ್ದು ತೋರಿಸು ಎಂದು ಹುಡುಗಿಗೆ ಹೇಳಿದೆ.

ಎದ್ದು ನಡೆದಳು. ಒಂದು, ಎರಡು, ಮೂರು, ನಾಲ್ಕು, ಐದು. ಗೋಡೆ ಮುಟ್ಟಿಯೇ ನಿಂತಳು. ಅವಳಿಗೆ ಬೀಳಲು ಬರಲಿಲ್ಲ. ಹುಟ್ಟಿದಾಗಿನಿಂದ ಬೀಳದ ಹಾಗೆ ನಡೆಯುವುದನ್ನಷ್ಟೇ ಕಲಿತಿದ್ದಳು, ಹೆಚ್ಚಿನ ಪಾಲು ನನ್ನಿಂದಲೇ. ಮತ್ತೆ ಮೊದಲಿನಿಂದ ಅಂದೆ. ಅವಳವ್ವ ಒಲೆ ಬಿಟ್ಟು ಹೊರಗೆ ಹೋದಳು. ಐದನೆಯ ಸಲಕ್ಕೆ ಹುಡುಗಿ ಮೂರನೇ ಹೆಜ್ಜೆಗೆ ಮೊಣಕಾಲು ಬಿಟ್ಟು ದೊಪ್ಪನೆ ನೆಲಕ್ಕೆ ಬಿದ್ದಳು. ಬಿದ್ದಲ್ಲಿಂದಲೇ, ಸರಿ ಬಂತೋ ಇಲ್ಲವೋ ಎಂದು ನನ್ನ ಮುಖ ನೋಡಿದಳು.

ಶಾಬಾಸ್ ಅಂದೆ.