ಬಿಲ್ಲಿನ ನಡುಕ ಬಿಡಿಸುವ ತೂಕದಕ್ಕ

ಬೆಳಗಿನ ಐದೂವರೆ. ಬಿಲ್ಲುಗಾರಿಕೆ ಮೈದಾನದ ಹುಲ್ಲು ಇನ್ನೂ ಒದ್ದೆ. ಅಂಚಿನ ತಗಡಿನ ಶೆಡ್ಡಿನಲ್ಲಿ ಐವತ್ತೊಂದು ವರ್ಷದ ಹೆಂಗಸೊಬ್ಬರು ಬಿಲ್ಲೊಂದನ್ನು ದಾರಕ್ಕೆ ತೂಗುಹಾಕಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. ಅದು ಕೂದಲೆಳೆಯಷ್ಟು ಎಡಕ್ಕೆ ವಾಲುತ್ತದೆ. ಬಲಗಡೆಯ ಕಡ್ಡಿಯ ತುದಿಗೆ ಉಕ್ಕಿನ ಬಿಲ್ಲೆಯೊಂದನ್ನು ತಿರುಗಿಸಿ ಕೂರಿಸುತ್ತಾರೆ. "ಹಾಂ, ಈಗ ಮಾತು ಕೇಳ್ತು ನೋಡಿ."

ಮೈದಾನದಲ್ಲಿ ಎಲ್ಲರಿಗೂ ಅವರು ತೂಕದಕ್ಕ. ಬಿಲ್ಲಿನ ಮುಂದಕ್ಕೆ ಚಾಚಿದ ಒಂದು ಉದ್ದ ಕಡ್ಡಿ, ಹಿಡಿಯ ಎರಡೂ ಬದಿಗೆ ಒಂದೊಂದು ಗಿಡ್ಡ ಕಡ್ಡಿ, ಇವೇ ಸ್ಟೆಬಿಲೈಸರ್. ಬಾಣ ಹೊರಟಾಗ ಬಿಲ್ಲು ಅದುರದಂತೆ, ವಾಲದಂತೆ ಹಿಡಿದಿಡುವುದು ಇವುಗಳ ತುದಿಯ ಬಿಲ್ಲೆಗಳು. ಒಂದೊಂದೂ ಇಪ್ಪತ್ತೆಂಟು ಗ್ರಾಂ. ದಿನಕ್ಕೆ ಇಪ್ಪತ್ತೆರಡು ಬಿಲ್ಲುಗಳ ತಿರುಪು, ತೂಕ ಇವರ ಕೈಯಲ್ಲೇ ಸರಿಯಾಗಬೇಕು. "ಮನೇಲಿ ನನ್ನ ಮಾತಿಗೆ ತೂಕ ಇಲ್ಲ. ಇಲ್ಲಿ ತೂಕದ್ದೇ ಮಾತು," ಎಂದು ನಗುತ್ತಾರೆ.

ಅಪ್ಪನದು ತಕ್ಕಡಿ ರಿಪೇರಿ ಅಂಗಡಿ. ಅಪ್ಪನ ಪಕ್ಕ ಕೂತು ಹತ್ತೊಂಬತ್ತು ವರ್ಷ ಮುಳ್ಳು ಸರಿಮಾಡಿದ್ದಾರೆ. ಊರಿಗೆಲ್ಲ ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಅಂಗಡಿ ಮುಚ್ಚಿತು. ಹೊಟ್ಟೆಪಾಡಿಗೆ ಈ ಮೈದಾನದ ಕಸ ಗುಡಿಸಲು ಸೇರಿದರು.

ಆರು ವರ್ಷದ ಹಿಂದಿನ ಮಾತು. ಭುಜದ ಆಪರೇಷನ್ ಆಗಿದ್ದ ಹುಡುಗಿಯೊಬ್ಬಳ ಬಾಣಗಳು ದಿನವೂ ಕೆಳಕ್ಕೇ ಬೀಳುತ್ತಿದ್ದವು. ತಂಡದ ಆಯ್ಕೆಗೆ ಉಳಿದದ್ದು ಹನ್ನೆರಡೇ ದಿನ. "ಬಿಟ್ಬಿಡಮ್ಮ, ಈ ಭುಜಕ್ಕೆ ಆಗಲ್ಲ," ಎಂದರು ಕೋಚ್. ಅಲ್ಲೇ ಗುಡಿಸುತ್ತಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ.

"ಭುಜದ್ದಲ್ಲ ಸರ್. ಬಿಲ್ಲಿಗೇ ಮುಂದ್ಗಡೆ ಭಾರ ಜಾಸ್ತಿ ಆಗಿದೆ."

"ಪೊರಕೆ ಹಿಡಿಯೋರಿಗೆ ಬಿಲ್ಲಿನ ಉಸಾಬರಿ ಯಾಕಮ್ಮ?"

ಹುಡುಗಿಯೇ ಅಡ್ಡ ಬಂದಳು: "ನೋಡ್ಲಿ ಬಿಡಿ ಸರ್. ಹೇಗೂ ಬಿಡೋದೇ ಅಂದ್ಮೇಲೆ ಹೋಗೋದೇನು?"

ದಿನಕ್ಕೆ ಒಂದೇ ಬದಲಾವಣೆ, ಆಮೇಲೆ ಮೂವತ್ತು ಬಾಣ. ಮೂರನೇ ದಿನ ಬಾಣಗಳು ಇನ್ನಷ್ಟು ದಿಕ್ಕು ತಪ್ಪಿದವು, ಹುಡುಗಿ ಅತ್ತೇಬಿಟ್ಟಳು. "ಇನ್ನೊಬ್ಬರ ಮಗಳ ಬದುಕಿನ ಜೊತೆ ಆಟ ಆಡ್ತಿದೀನಾ ಅನ್ನಿಸ್ತು," ಎನ್ನುತ್ತಾರೆ ಅಕ್ಕ. ಆದರೂ ಕೈ ಬಿಡಲಿಲ್ಲ. ಮುಂದಿನ ಕಡ್ಡಿಯಿಂದ ಮೂರು ಬಿಲ್ಲೆ ತೆಗೆದರು, ಅದರಲ್ಲಿ ಎರಡನ್ನು ಬದಿಯ ಕಡ್ಡಿಗಳಿಗೆ ಹಾಕಿದರು. ಹನ್ನೊಂದನೇ ದಿನ ಬಾಣಗಳು ಒಂದರ ಪಕ್ಕ ಒಂದು, ಅಂಗೈಯಗಲದಲ್ಲಿ ನಾಟಿಕೊಂಡವು. ಹುಡುಗಿ ತಂಡದ ಕೊನೆಯ ಸ್ಥಾನಕ್ಕೆ ಆಯ್ಕೆಯಾದಳು. ಮರುದಿನ ಕೋಚ್ ಬಿಲ್ಲುಗಳಿಡುವ ಶೆಡ್ಡಿನ ಬೀಗದಕೈ ತಂದು ಅಕ್ಕನ ಕೈಗಿಟ್ಟರು.

ಆ ಹುಡುಗಿ ಈಗ ಇಲ್ಲೇ ಚಿಕ್ಕವರಿಗೆ ಕಲಿಸುತ್ತಾಳೆ. "ಬನ್ನಿ ಅಕ್ಕ, ಒಂದಾದ್ರೂ ಬಾಣ ಬಿಡಿ," ಎಂದು ಕರೆಯುತ್ತಲೇ ಇರುತ್ತಾಳೆ. ಇಷ್ಟು ವರ್ಷದಲ್ಲಿ ಅಕ್ಕ ಒಂದೂ ಬಿಟ್ಟಿಲ್ಲ. ಆಸೆ ಇಲ್ಲವೇ ಎಂದು ಕೇಳಿದರೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಇದೆ. ಗುರಿಗಿರಿ ಎಲ್ಲ ಬೇಡಪ್ಪ. ಬಾಣ ಹೋದ್ಮೇಲೂ ಬಿಲ್ಲು ಕೈಲಿ ತಣ್ಣಗೆ ನಿಂತಿರುತ್ತಂತಲ್ಲ, ಅದೊಂದು ಗೊತ್ತಾದ್ರೆ ಸಾಕು."